ಆನ್‌ಲೈನ್ ವ್ಯಾಪಾರ ಎಲ್ಲಿ ಹೂಡಬೇಕು: ಮಾರ್ಕೆಟ್‌ಪ್ಲೇಸ್, ಸೋಷಿಯಲ್ ಮೀಡಿಯಾ, ಆಪ್ ಸ್ಟೋರ್, ಇಲ್ಲಾ ಸ್ವಂತ ವೆಬ್‌ಸೈಟ್?

ಆನ್‌ಲೈನ್‌ನಲ್ಲಿ ಏನಾದರೂ ಮಾರೋಣ ಅಂತ ಹೊರಟವರು ಮೊದಲು ಕೇಳುವುದು, "ವೆಬ್‌ಸೈಟ್ ಮಾಡಿಸೋಕೆ ಎಷ್ಟು ಖರ್ಚಾಗುತ್ತೆ?" ಅಂತ. ಅದು ಹಳೇ ಕಾಲದ ಪ್ರಶ್ನೆ. 1999ರಲ್ಲಿ ಕೇಳಿದ್ದರೆ ಅದಕ್ಕೆ ಅರ್ಥ ಇತ್ತು. ಆಗ ಸರ್ವರ್ ನೀವೇ ಕೊಳ್ಳಬೇಕಿತ್ತು, ಅದನ್ನಿಡಲು ಜಾಗ ಬೇಕಿತ್ತು, ನೋಡಿಕೊಳ್ಳಲು ಜನ ಬೇಕಿತ್ತು, ಕಾರ್ಡ್‌ನಲ್ಲಿ ದುಡ್ಡು ತೆಗೆದುಕೊಳ್ಳಬೇಕು ಅಂದರೆ ಬ್ಯಾಂಕಿನ ಬಾಗಿಲು ತಟ್ಟಬೇಕಿತ್ತು. 2006ರಲ್ಲಿ ಅಮೆಜಾನ್ ತನ್ನ ಸರ್ವರ್‌ಗಳನ್ನು ಬಳಸಿದಷ್ಟಕ್ಕೆ ದುಡ್ಡು ಅನ್ನೋ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರು ಮಾಡಿತು. ಅದೇ ವರ್ಷ, ಆನ್‌ಲೈನ್ ಅಂಗಡಿ ತೆರೆಯಲು ಬೇಕಾದ ಸಾಫ್ಟ್‌ವೇರ್ ಕೊಡುವ ಶಾಪಿಫೈ ಕೂಡ ಬಂತು. ಅಲ್ಲಿಂದ ಆನ್‌ಲೈನ್ ಅಂಗಡಿ ತೆರೆಯುವುದು ಅಗ್ಗವಾಗುತ್ತಾ ಹೋಯಿತು. ನಿಮಗೆ ಮಾತ್ರ ಅಲ್ಲ, ನಿಮ್ಮ ಎದುರಾಳಿಗೂ.

ತೊಡಕು ಇರುವುದು ಇಲ್ಲೇ. ಹಾರ್ವರ್ಡ್‌ನಲ್ಲಿ ವ್ಯಾಪಾರ ತಂತ್ರ ಕಲಿಸುವ ಪ್ರೊಫೆಸರ್ ಮೈಕೆಲ್ ಪೋರ್ಟರ್ 2001ರಲ್ಲೇ ಇದನ್ನು ಹೇಳಿದ್ದರು: ಎಲ್ಲರ ಕೈಗೂ ಸಿಗುವ ತಂತ್ರಜ್ಞಾನದಿಂದ ಒಬ್ಬರಿಗೆ ಮಾತ್ರ ಮೇಲುಗೈ ಸಿಗುವುದಿಲ್ಲ, ಗಿರಾಕಿಗೆ ಬೆಲೆ ಹೋಲಿಸಿ ನೋಡುವುದು ಸುಲಭವಾದಷ್ಟೂ ಮಾರುವವನ ಲಾಭ ಕರಗುತ್ತದೆ. ಡಾಟ್‌ಕಾಮ್ ಕಂಪನಿಗಳು ಸಾಲಾಗಿ ಮುಳುಗುತ್ತಿದ್ದ ಹೊತ್ತಲ್ಲಿ ಬಂದ ಮಾತು ಅದು. ಆವತ್ತು ಕೆಲವರಿಗೆ ಕಹಿ ಅನ್ನಿಸಿರಬಹುದು, ಇವತ್ತಿಗೂ ಅದು ಹಳತಾಗಿಲ್ಲ.

ಹಾಗಾದರೆ ಈಗ ದುಬಾರಿ ಯಾವುದು? ಗಿರಾಕಿಯ ಕಣ್ಣಿಗೆ ಬೀಳುವುದು. ಒಮ್ಮೆ ಬಂದ ಗಿರಾಕಿಯನ್ನು ಮತ್ತೆ ಕರೆಯುವ ದಾರಿ ನಿಮ್ಮ ಕೈಯಲ್ಲೇ ಇರುವುದು. ನಾಲ್ಕು ಜಾಗಗಳನ್ನು ನಾನು ಹೋಲಿಸಿ ನೋಡುವುದು ಈ ಒಂದೇ ಅಳತೆಯಿಂದ. ಕಮಿಷನ್ ಎಷ್ಟು, ಡಿಸೈನ್ ಎಷ್ಟು ಚೆನ್ನಾಗಿದೆ, ಇದೆಲ್ಲ ಆಮೇಲಿನದು.

ಮೊದಲು ನಿಮ್ಮನ್ನೇ ಎರಡು ಪ್ರಶ್ನೆ ಕೇಳಿಕೊಳ್ಳಿ. ನೀವು ಮಾರುವ ವಸ್ತುವನ್ನು ಜನ ಹುಡುಕಿಕೊಂಡು ಬರುತ್ತಾರಾ, ಇಲ್ಲಾ ಕಣ್ಣಿಗೆ ಬಿದ್ದ ಮೇಲೆ "ಅರೆ, ಇದು ಬೇಕಲ್ಲ" ಅನ್ನಿಸುತ್ತದಾ? ಮತ್ತೆ, ಒಮ್ಮೆ ಕೊಂಡವರು ಇನ್ನೊಮ್ಮೆ ಕೊಳ್ಳುತ್ತಾರಾ? ಫೋನಿನ ಚಾರ್ಜರ್ ಬೇಕಾದವರು ಅದರ ಹೆಸರು ಟೈಪ್ ಮಾಡಿ ಹುಡುಕುತ್ತಾರೆ, ಕೊಂಡುಕೊಳ್ಳುತ್ತಾರೆ, ಮಾರಿದವರು ಯಾರು ಅಂತ ನೋಡುವುದೂ ಇಲ್ಲ. ಕೈಯಲ್ಲಿ ಮಾಡಿದ ಆಟಿಕೆಯನ್ನು ಯಾರೂ ಹೆಸರು ಹಿಡಿದು ಹುಡುಕುವುದಿಲ್ಲ, ನೋಡಿದ ಮೇಲೆ ಆಸೆ ಆಗುತ್ತದೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಕೊಂಡವರು ಪ್ರತಿ ತಿಂಗಳು ದುಡ್ಡು ಕಟ್ಟುತ್ತಾರೆ. ಮೂರೂ ಬೇರೆ ಬೇರೆ ವ್ಯಾಪಾರ, ಮೂರಕ್ಕೂ ಒಂದೇ ಸಲಹೆ ಕೊಡುವವರನ್ನು ನಂಬಬೇಡಿ.

ದೊಡ್ಡ ಮಾರ್ಕೆಟ್‌ಪ್ಲೇಸ್

ಅಮೆಜಾನ್ 1995ರಲ್ಲಿ ಪುಸ್ತಕ ಮಾರುತ್ತಾ ಶುರುವಾಯಿತು. 2000ನೇ ಇಸವಿಯ ನವೆಂಬರ್‌ನಲ್ಲಿ ಬೇರೆಯವರಿಗೂ ತನ್ನ ಜಾಗದಲ್ಲಿ ಮಾರಲು ಬಿಟ್ಟಿತು. ಈಗ ಅಲ್ಲಿ ಬಿಕರಿಯಾಗುವ ವಸ್ತುಗಳಲ್ಲಿ ನೂರಕ್ಕೆ ಸುಮಾರು 60 ಹೀಗೆ ಹೊರಗಿನಿಂದ ಬಂದ ಮಾರಾಟಗಾರರವು. ಅಂದರೆ ಅದು ಅಂಗಡಿ ಅನ್ನುವುದಕ್ಕಿಂತ ಸಂತೆಯ ಮೈದಾನ, ಮೈದಾನದ ಯಜಮಾನನೂ ಅಲ್ಲೇ ಒಂದು ಅಂಗಡಿ ಹಾಕಿಕೊಂಡು ಕೂತಿದ್ದಾನೆ ಅಷ್ಟೇ.

ಅನುಕೂಲ ದೊಡ್ಡದೇ. ಅಲ್ಲಿಗೆ ಬರುವವರು ಕೊಳ್ಳಲೆಂದೇ ಬಂದವರು. ಕಾರ್ಡ್ ಮಾಹಿತಿ ಮೊದಲೇ ಇದೆ, ವಿಳಾಸ ಇದೆ, ಸರಿ ಇಲ್ಲ ಅಂದರೆ ವಾಪಸ್ ಕೊಡಬಹುದು ಅನ್ನೋ ಧೈರ್ಯ ಇದೆ. ಯಾರಿಗೂ ಗೊತ್ತಿಲ್ಲದ ಹೊಸ ಹೆಸರಿಗೆ ಈ ನಂಬಿಕೆ ಗಳಿಸಲು ವರ್ಷಗಳು ಹಿಡಿಯುತ್ತವೆ, ಇಲ್ಲಿ ಮೊದಲ ದಿನವೇ ಬಾಡಿಗೆಗೆ ಸಿಗುತ್ತದೆ.

ಬಾಡಿಗೆ ಎಷ್ಟು? ಹೆಚ್ಚಿನ ವಿಭಾಗಗಳಲ್ಲಿ ಕಮಿಷನ್ ನೂರಕ್ಕೆ 8ರಿಂದ 15. ಅಷ್ಟೇ ಅಂದುಕೊಂಡು ಲೆಕ್ಕ ಹಾಕಿದವರು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಸರಕು ಅವರ ಗೋದಾಮಿನಲ್ಲಿಟ್ಟರೆ ಅದಕ್ಕೆ ಬೇರೆ, ಪ್ಯಾಕ್ ಮಾಡಿ ಕಳಿಸುವುದಕ್ಕೆ ಬೇರೆ, ವಾಪಸ್ ಬಂದದ್ದರ ನಷ್ಟ ಬೇರೆ, ಹುಡುಕಿದಾಗ ಮೇಲಿನ ಸಾಲಲ್ಲಿ ಕಾಣಬೇಕು ಅಂದರೆ ಜಾಹೀರಾತಿಗೆ ಇನ್ನೂ ಬೇರೆ. ಈ ಕೊನೆಯದು ಮೊದಲು ಐಚ್ಛಿಕ ಅನ್ನಿಸುತ್ತದೆ. ಪಕ್ಕದವನು ಕಟ್ಟಲು ಶುರು ಮಾಡಿದ ಮೇಲೆ ನಿಮಗೂ ಕಡ್ಡಾಯವೇ ಅಲ್ವಾ?

ಆದರೆ ನನಗೆ ಹೆಚ್ಚು ಯೋಚನೆ ಹತ್ತಿಸುವುದು ದುಡ್ಡಲ್ಲ. ಟಾಯ್ಸ್ ಆರ್ ಅಸ್ ಅನ್ನೋ ಆಟಿಕೆ ಕಂಪನಿಯ ಕಥೆ ನೋಡಿ. 1999ರ ಕ್ರಿಸ್‌ಮಸ್‌ಗೆ ಅವರ ಸ್ವಂತ ವೆಬ್‌ಸೈಟ್‌ಗೆ ಆರ್ಡರ್ ಸುರಿದವು, ಎಷ್ಟೋ ಆಟಿಕೆಗಳು ಹಬ್ಬದ ಹೊತ್ತಿಗೆ ಮಕ್ಕಳ ಕೈ ಸೇರಲೇ ಇಲ್ಲ. ಮರುವರ್ಷ ಅವರು ಅಮೆಜಾನ್ ಜೊತೆ 10 ವರ್ಷದ ಒಪ್ಪಂದ ಮಾಡಿಕೊಂಡು, ಆನ್‌ಲೈನ್ ವ್ಯಾಪಾರವನ್ನೇ ಅವರ ಜಾಗಕ್ಕೆ ಸಾಗಿಸಿದರು. ಅಲ್ಲಿ ಆಟಿಕೆ ಮಾರುವ ವಿಶೇಷ ಹಕ್ಕು ತಮಗೇ ಅಂತ ಅವರ ಲೆಕ್ಕ. ಸ್ವಲ್ಪ ಕಾಲದಲ್ಲೇ ಅದೇ ಜಾಗದಲ್ಲಿ ಬೇರೆಯವರೂ ಆಟಿಕೆ ಮಾರತೊಡಗಿದರು. 2004ರಲ್ಲಿ ಕೋರ್ಟಿಗೆ ಹೋದರು, 2006ರಲ್ಲಿ ಒಪ್ಪಂದದಿಂದ ಬಿಡುಗಡೆ ಸಿಕ್ಕಿತು. ಗೆದ್ದರು ಅನ್ನಿ. ಆದರೆ ಆ ಆರು ವರ್ಷದಲ್ಲಿ ಜನ ಆನ್‌ಲೈನ್‌ನಲ್ಲಿ ಕೊಳ್ಳುವುದನ್ನು ಕಲಿತಿದ್ದರು, ಕಲಿತದ್ದು ಇನ್ನೊಬ್ಬರ ಅಂಗಳದಲ್ಲಿ. 2017ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದಕ್ಕೆ 2005ರಲ್ಲಿ ಕಂಪನಿಯನ್ನು ಕೊಂಡವರು ಅದರ ತಲೆ ಮೇಲೆ ಹೇರಿದ ಸಾಲವೂ ದೊಡ್ಡ ಕಾರಣ, ಹಾಗಾಗಿ ಎಲ್ಲಾ ತಪ್ಪನ್ನೂ ಇದೊಂದರ ಮೇಲೆ ಹಾಕುವುದು ನ್ಯಾಯ ಅಲ್ಲ. ಪುಸ್ತಕದಂಗಡಿಗಳ ಸರಪಳಿ ಬಾರ್ಡರ್ಸ್ ಕೂಡ 2001ರಲ್ಲಿ ತನ್ನ ಆನ್‌ಲೈನ್ ಅಂಗಡಿಯನ್ನು ಇದೇ ಅಮೆಜಾನ್ ಕೈಗೆ ಕೊಟ್ಟು, 2008ರಲ್ಲಿ ವಾಪಸ್ ತೆಗೆದುಕೊಂಡು, 2011ರಲ್ಲಿ ದಿವಾಳಿಯಾಯಿತು.

ಇನ್ನೊಂದು ಕಡೆಯಿಂದಲೂ ನೋಡಬೇಕು. ನೈಕಿ 2019ರ ನವೆಂಬರ್‌ನಲ್ಲಿ "ನಮ್ಮ ಗಿರಾಕಿಯನ್ನು ನಾವೇ ನೋಡಿಕೊಳ್ಳುತ್ತೇವೆ" ಅನ್ನೋ ಧಾಟಿಯಲ್ಲಿ ಅಮೆಜಾನ್‌ಗೆ ಸರಕು ಕೊಡುವುದನ್ನು ನಿಲ್ಲಿಸಿತು. 2025ರಲ್ಲಿ ಮತ್ತೆ ವಾಪಸ್ ಬಂತು. ಅಷ್ಟು ದೊಡ್ಡ ಹೆಸರೇ ಪೂರ್ತಿ ಹೊರಗೆ ಉಳಿಯಲಿಲ್ಲ. ಹಾಗಾಗಿ "ಮಾರ್ಕೆಟ್‌ಪ್ಲೇಸ್ ಕಡೆ ತಲೆ ಹಾಕಬೇಡಿ" ಅನ್ನೋದು ಸುಮ್ನೆ ಹಠದ ಮಾತು.

ನನ್ನ ಲೆಕ್ಕ ಹೀಗೆ: ಜನ ಹೆಸರು ಹಿಡಿದು ಹುಡುಕುವ ವಸ್ತು, ಒಮ್ಮೆ ಕೊಂಡು ಮರೆಯುವ ವಸ್ತು ಆದರೆ ಕಣ್ಣು ಮುಚ್ಚಿ ಇಲ್ಲಿಗೆ ಹೋಗಿ. ಮತ್ತೆ ಬಾರದ ಗಿರಾಕಿಯ ಇಮೇಲ್ ಇಟ್ಟುಕೊಂಡು ಏನು ಮಾಡುತ್ತೀರಿ? ಆದರೆ ನಿಮ್ಮ ವಸ್ತುವಿಗೆ ಏನಾದರೂ ವಿಶೇಷ ಇರಲಿ. ಯಾರು ಬೇಕಾದರೂ ಅದೇ ಕಾರ್ಖಾನೆಯಿಂದ ತರಿಸಬಹುದಾದ ಸರಕಾದರೆ ಮುಂದಿನ ವರ್ಷ ಎರಡು ರೂಪಾಯಿ ಕಡಿಮೆಗೆ ಮಾರುವವನು ಬಂದೇ ಬರುತ್ತಾನೆ, ಕೆಲವೊಮ್ಮೆ ಅವನು ಮೈದಾನದ ಯಜಮಾನನೇ ಆಗಿರುತ್ತಾನೆ. ಮಾರಾಟಗಾರರ ಗುಟ್ಟಿನ ಅಂಕಿ-ಅಂಶಗಳನ್ನು ತನ್ನ ವ್ಯಾಪಾರಕ್ಕೆ ಬಳಸುವುದಿಲ್ಲ ಅಂತ ಅಮೆಜಾನ್ 2022ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಕಮಿಷನ್‌ಗೆ ಮಾತು ಕೊಟ್ಟಿದೆ. ಅಂಥ ಮಾತು ಬರೆಸಿಕೊಳ್ಳುವ ಪರಿಸ್ಥಿತಿ ಬಂತು ಅನ್ನುವುದರಲ್ಲೇ ವಿಷಯ ಇದೆ.

ಸೋಷಿಯಲ್ ಮೀಡಿಯಾ

ನೋಡಿದ ಮೇಲೆ ಆಸೆ ಹುಟ್ಟಿಸುವ ವಸ್ತುವಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಖರ್ಚಿಲ್ಲದೆ ಶುರು ಮಾಡಬಹುದು, ಒಂದು ವಿಡಿಯೋ ಓಡಿದರೆ ಸಾಕು. ಆದರೆ ಫಾಲೋವರ್ಸ್ ಅಂದರೆ ಗಿರಾಕಿಗಳು ಅಂತ ತಿಳಿಯುವುದು, ಅವರು "ನನ್ನವರು" ಅಂತ ತಿಳಿಯುವುದು, ಎರಡೂ ತಪ್ಪು. ಎರಡನೆಯದು ಜಾಸ್ತಿ ದುಬಾರಿ ತಪ್ಪು.

ಝಿಂಗಾ ಅನ್ನೋ ಗೇಮ್ ಕಂಪನಿ ಫೇಸ್‌ಬುಕ್ ಒಳಗೇ ಬೆಳೆಯಿತು. 2009ರಲ್ಲಿ ಬಂದ ಫಾರ್ಮ್‌ವಿಲ್ ನೆನಪಿದೆಯಾ, ನಿಮ್ಮ ದೂರದ ನೆಂಟರೆಲ್ಲ ಹಸು ಕೊಡಿ, ಬೀಜ ಕೊಡಿ ಅಂತ ಮೆಸೇಜ್ ಕಳಿಸುತ್ತಿದ್ದರಲ್ಲ, ಅದೇ. ಕಂಪನಿಯ ಹೆಚ್ಚುಕಡಿಮೆ ಎಲ್ಲ ಆದಾಯವೂ ಫೇಸ್‌ಬುಕ್ ಮೂಲಕವೇ ಬರುತ್ತಿತ್ತು. ಆಮೇಲೆ ಆ ಮೆಸೇಜ್‌ಗಳಿಂದ ಜನ ಬೇಸತ್ತರು ಅಂತ ಫೇಸ್‌ಬುಕ್ ಅವನ್ನು ಕಡಿಮೆ ಮಾಡಿತು. 2011ರಲ್ಲಿ, ಗೇಮ್ ಒಳಗೆ ಆಟಗಾರರು ಕೊಡುವ ದುಡ್ಡು ತನ್ನ ಪೇಮೆಂಟ್ ವ್ಯವಸ್ಥೆಯಲ್ಲೇ ಹೋಗಬೇಕು ಅಂತ ಮಾಡಿ ನೂರಕ್ಕೆ 30 ತೆಗೆದುಕೊಂಡಿತು. ಫೇಸ್‌ಬುಕ್ ಮಾಡಿದ್ದು ಅದರ ದೃಷ್ಟಿಯಿಂದ ಸರಿಯೇ. ಮನೆ ಅವರದು, ಗೋಡೆಗೆ ಯಾವ ಬಣ್ಣ ಅಂತ ಬಾಡಿಗೆಯವರನ್ನು ಕೇಳುತ್ತಾರಾ?

2018ರ ಜನವರಿಯಲ್ಲಿ ಅದೇ ಫೇಸ್‌ಬುಕ್, ಇನ್ನು ಮೇಲೆ ಸ್ನೇಹಿತರ ಮತ್ತು ಮನೆಯವರ ಪೋಸ್ಟ್‌ಗಳಿಗೆ ಮೊದಲ ಜಾಗ, ವ್ಯಾಪಾರದ ಪುಟಗಳಿಗೆ ಆಮೇಲೆ ಅಂತ ಘೋಷಿಸಿತು. ವರ್ಷಗಟ್ಟಲೆ ಲೈಕ್ ಕೂಡಿಸಿದವರು, ಅದೇ ಜನರನ್ನು ತಲುಪಲು ಜಾಹೀರಾತಿಗೆ ದುಡ್ಡು ಕಟ್ಟುವಂತಾಯಿತು. ವೈನ್ ಅನ್ನೋ ಆರು ಸೆಕೆಂಡಿನ ವಿಡಿಯೋ ಆಪ್ ಇತ್ತು, 2017ರ ಜನವರಿಯಲ್ಲಿ ಮುಚ್ಚಿಯೇ ಹೋಯಿತು. ಜಾಹೀರಾತನ್ನೇ ನಂಬಿದವರಿಗೂ ನೆಮ್ಮದಿ ಇಲ್ಲ. 2021ರ ಏಪ್ರಿಲ್‌ನಲ್ಲಿ ಆಪಲ್, ಐಫೋನ್ ಬಳಸುವವರ ಒಪ್ಪಿಗೆ ಇಲ್ಲದೆ, ಅವರು ಬೇರೆ ಆಪ್, ಸೈಟ್‌ಗಳಲ್ಲಿ ಏನು ಮಾಡುತ್ತಾರೆ ಅಂತ ಜಾಹೀರಾತಿಗಾಗಿ ಆಪ್‌ಗಳು ಹಿಂಬಾಲಿಸುವಂತಿಲ್ಲ ಅಂತ ಮಾಡಿತು. ಅದರಿಂದ 2022ರಲ್ಲಿ ಸುಮಾರು 1000 ಕೋಟಿ ಡಾಲರ್ ಹೊಡೆತ ಬೀಳಬಹುದು ಅಂತ ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿಯೇ ಹೇಳಿತು. ಒಬ್ಬ ದೈತ್ಯ ಇನ್ನೊಬ್ಬ ದೈತ್ಯನ ಕಾಲು ತುಳಿದ. ನೋವು ಅಲ್ಲಿ ಜಾಹೀರಾತು ಹಾಕುತ್ತಿದ್ದ ಸಣ್ಣ ಕಂಪನಿಗಳಿಗೂ ಆಯಿತು, ಗಿರಾಕಿ ಒಬ್ಬರಿಗೆ ಬೀಳುವ ಖರ್ಚು ಏರಿತು.

ನನ್ನದೂ ಒಂದು ಸಣ್ಣ ಕಥೆ ಇದೆ. ಮಕ್ಕಳಿಗೆ ಕೈಬರಹ ಅಭ್ಯಾಸ ಮಾಡಿಸುವ ಪ್ರಿಂಟ್ ಹಾಳೆಗಳನ್ನು ಸೋಷಿಯಲ್ ಮೀಡಿಯಾದ ಒಂದು ಪುಟದಿಂದಲೇ ಮಾರುತ್ತಿದ್ದೆ. ಆರ್ಡರ್ ಎಲ್ಲ ಮೆಸೇಜ್‌ನಲ್ಲೇ. ಒಂದು ಬೆಳಿಗ್ಗೆ ನೋಡಿದರೆ ಖಾತೆ ಬಂದ್. ಕಾರಣ ಗೊತ್ತಿಲ್ಲ, ಮನವಿ ಸಲ್ಲಿಸಿದರೆ ಯಂತ್ರ ಬರೆದ ಒಂದು ಸಾಲಿನ ಉತ್ತರ. ಹದಿನೇಳು ದಿನ ಬಿಟ್ಟು ಖಾತೆ ತಾನಾಗಿ ವಾಪಸ್ ಬಂತು, ಅದಕ್ಕೂ ಕಾರಣ ಹೇಳಲಿಲ್ಲ.

ಹಾಗಂತ ಬಿಡಬೇಕಾ? ಇಲ್ಲ. ಡಾಲರ್ ಶೇವ್ ಕ್ಲಬ್ ಮಾಡಿದ್ದು ನೋಡಿ. 2012ರ ಮಾರ್ಚ್‌ನಲ್ಲಿ ಯೂಟ್ಯೂಬ್‌ಗೆ ಒಂದು ತಮಾಷೆಯ ವಿಡಿಯೋ ಹಾಕಿದರು, ಎರಡು ದಿನದಲ್ಲಿ 12,000 ಆರ್ಡರ್. ವಿಡಿಯೋ ಯೂಟ್ಯೂಬ್‌ನದು, ಆದರೆ ಜನ ಬಂದು ಸೇರಿದ್ದು ಕಂಪನಿಯ ಸ್ವಂತ ವೆಬ್‌ಸೈಟ್‌ಗೆ, ಅದೂ ತಿಂಗಳು ತಿಂಗಳು ಬ್ಲೇಡ್ ಮನೆಗೆ ಬರುವ ಚಂದಾಕ್ಕೆ. 2016ರಲ್ಲಿ ಯೂನಿಲಿವರ್ ಸುಮಾರು 100 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನು ಕೊಂಡಿತು. ವೀಕ್ಷಣೆಗೆ ಯಾರೂ ಅಷ್ಟು ದುಡ್ಡು ಕೊಡುವುದಿಲ್ಲ, ಪ್ರತಿ ತಿಂಗಳು ದುಡ್ಡು ಕಟ್ಟುವ ಗಿರಾಕಿಗಳ ಪಟ್ಟಿಗೆ ಕೊಡುತ್ತಾರೆ. ಸೋಷಿಯಲ್ ಮೀಡಿಯಾವನ್ನು ಜನರನ್ನು ಕರೆಯುವ ಮೈಕ್ ಮಾಡಿಕೊಳ್ಳಿ, ಗಲ್ಲಾಪೆಟ್ಟಿಗೆ ಮಾಡಿಕೊಳ್ಳಬೇಡಿ.

ಆಪ್ ಸ್ಟೋರ್

ಇದನ್ನು ಬೇಗ ಮುಗಿಸುತ್ತೇನೆ. ನೀವು ಮಾರುವುದೇ ಆಪ್ ಆಗಿದ್ದರೆ ಬೇರೆ ದಾರಿ ಕಡಿಮೆ. ಆಪಲ್‌ನ ಸ್ಟೋರ್ 2008ರ ಜುಲೈನಲ್ಲಿ 500 ಆಪ್‌ಗಳೊಂದಿಗೆ ಶುರುವಾಯಿತು, ಕಮಿಷನ್ ನೂರಕ್ಕೆ 30. 2021ರಿಂದ ವರ್ಷಕ್ಕೆ 10 ಲಕ್ಷ ಡಾಲರ್ ಒಳಗೆ ಗಳಿಸುವವರಿಗೆ ಅದು 15. 2020ರ ಆಗಸ್ಟ್‌ನಲ್ಲಿ ಎಪಿಕ್ ಕಂಪನಿ ಈ ಕಮಿಷನ್ ತಪ್ಪಿಸಲು ಫೋರ್ಟ್‌ನೈಟ್ ಗೇಮ್ ಒಳಗೆ ತನ್ನದೇ ಪೇಮೆಂಟ್ ಇಟ್ಟಿತು, ಅದೇ ದಿನ ಗೇಮ್ ಅನ್ನು ಸ್ಟೋರ್‌ನಿಂದ ಕಿತ್ತುಹಾಕಿದರು. ಅವರು ಕೋರ್ಟಿಗೆ ಹೋದರು, ಅವರಿಗೆ ಆ ತಾಕತ್ತು ಇತ್ತು. ನಿಮ್ಮ ಕೆಲಸ ಫೋನಿನ ಬ್ರೌಸರ್‌ನಲ್ಲೇ ನಡೆಯುವಂತಿದ್ದರೆ "ಎಲ್ಲರಿಗೂ ಆಪ್ ಇದೆ, ನಮಗೂ ಇರಲಿ" ಅಂತ ಆಪ್ ಮಾಡಿಸಬೇಡಿ. ಅದನ್ನು ಇನ್‌ಸ್ಟಾಲ್ ಮಾಡಿಸುವುದೇ ಇನ್ನೊಂದು ವ್ಯಾಪಾರ.

ಸ್ವಂತ ವೆಬ್‌ಸೈಟ್ ಮತ್ತು ಇಮೇಲ್ ಪಟ್ಟಿ

ಟೋಬಿ ಲ್ಯೂಟ್ಕೆ 2004ರಲ್ಲಿ ಹಿಮದ ಮೇಲೆ ಜಾರುವ ಹಲಗೆಗಳನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟರು. ಆಗ ಸಿಗುತ್ತಿದ್ದ ಅಂಗಡಿ ಸಾಫ್ಟ್‌ವೇರ್ ಯಾವುದೂ ಹಿಡಿಸದೆ ತಾವೇ ಒಂದು ಬರೆದುಕೊಂಡರು. ಕೊನೆಗೆ ಹಲಗೆಗಿಂತ ಆ ಸಾಫ್ಟ್‌ವೇರೇ ಒಳ್ಳೆ ಸರಕು ಅನ್ನಿಸಿತು, ಅದೇ ಶಾಪಿಫೈ ಆಯಿತು. ಸ್ವಂತ ಅಂಗಡಿ ಬೇಕು ಅನ್ನುವವರು ಎಷ್ಟು ಜನ ಇದ್ದರು ಅಂತ ಇದರಿಂದಲೇ ಗೊತ್ತಾಗುತ್ತದೆ.

ಇದರ ದೊಡ್ಡ ಕೊರತೆ ಒಂದೇ: ಯಾರೂ ಬರುವುದಿಲ್ಲ. ಬೋರ್ಡ್ ಹಾಕಿ, ದೀಪ ಹಚ್ಚಿ ಕಾಯುತ್ತಾ ಕೂರಬೇಕು. ದುಡ್ಡು ಕೊಟ್ಟು ಕರೆಸಿದರೆ ಏನಾಗುತ್ತದೆ ಅಂತ, ಫೈಲ್‌ಗಳನ್ನು ಆನ್‌ಲೈನ್‌ನಲ್ಲಿ ಇಟ್ಟುಕೊಳ್ಳಲು ಜಾಗ ಕೊಡುವ ಡ್ರಾಪ್‌ಬಾಕ್ಸ್‌ನವರು ಆರಂಭದಲ್ಲೇ ನೋಡಿದರು. ವರ್ಷಕ್ಕೆ 99 ಡಾಲರ್‌ನ ಸೇವೆಗೆ ಒಬ್ಬ ಗಿರಾಕಿಯನ್ನು ಗೂಗಲ್ ಜಾಹೀರಾತಿನಿಂದ ತರಲು 233ರಿಂದ 388 ಡಾಲರ್ ಖರ್ಚಾಗುತ್ತಿತ್ತು. ಅದನ್ನು ಬಿಟ್ಟು, ಸ್ನೇಹಿತರನ್ನು ಕರೆತಂದರೆ ಇಬ್ಬರಿಗೂ ಹೆಚ್ಚಿನ ಸ್ಟೋರೇಜ್ ಅಂದರು. 15 ತಿಂಗಳಲ್ಲಿ ನೋಂದಾಯಿಸಿದವರು 1 ಲಕ್ಷದಿಂದ 40 ಲಕ್ಷ ಆದರು. ಇದನ್ನು ಓದಿ ಎಲ್ಲರೂ "ರೆಫರ್ ಮಾಡಿ" ಬಟನ್ ಹಾಕುತ್ತಾರೆ, ಹೆಚ್ಚಿನವು ಓಡುವುದಿಲ್ಲ. ಡ್ರಾಪ್‌ಬಾಕ್ಸ್‌ನಲ್ಲಿ ಫೈಲ್ ಹಂಚಿಕೊಳ್ಳಲು ಇನ್ನೊಬ್ಬರು ಬೇಕೇ ಬೇಕಿತ್ತು, ಕೊಡುತ್ತಿದ್ದ ಬಹುಮಾನವೂ ಅವರದೇ ಸರಕಾಗಿತ್ತು. ನಿಮ್ಮ ವಸ್ತುವಿನಲ್ಲಿ ಅಂಥ ಕಾರಣ ಇಲ್ಲದಿದ್ದರೆ ಬಟನ್ ಹಾಕಿ ಪ್ರಯೋಜನ ಇಲ್ಲ.

ಗೂಗಲ್ ಹುಡುಕಾಟದಿಂದ ಪುಕ್ಕಟೆ ಬರುವವರನ್ನೂ ಪೂರ್ತಿ ನಂಬಬೇಡಿ. 2011ರ ಫೆಬ್ರವರಿಯಲ್ಲಿ, ಯಾವ ಸೈಟ್ ಮೇಲೆ ಕಾಣಬೇಕು ಅನ್ನೋ ಗೂಗಲ್‌ನ ಲೆಕ್ಕದಲ್ಲಿ ಪಾಂಡಾ ಅನ್ನೋ ಒಂದು ಬದಲಾವಣೆ ಬಂತು. ಹುಡುಕಾಟಕ್ಕೆಂದೇ ರಾಶಿ ರಾಶಿ ಲೇಖನ ಬರೆಸುತ್ತಿದ್ದ ಎಷ್ಟೋ ಸೈಟ್‌ಗಳ ಓದುಗರು ದಿಢೀರ್ ಅಂತ ಕರಗಿದರು. ಸೈಟ್ ಅವರದೇ ಆಗಿತ್ತು, ಆದರೆ ಅಲ್ಲಿಗೆ ಬರುವ ರಸ್ತೆ ಅವರದಾಗಿರಲಿಲ್ಲ.

ಹಾಗಾಗಿ ಸ್ವಂತ ಸೈಟ್ ಅಂದರೆ ಬರೀ ಡೊಮೇನ್ (ಸೈಟ್‌ನ ವಿಳಾಸದ ಹೆಸರು) ಅಲ್ಲ, ಜೊತೆಗೆ ಇಮೇಲ್ ಪಟ್ಟಿ. ಇಮೇಲ್ ಹಳೇ ಕಾಲದ್ದು ಅಂತ ನಗುವವರು ಇದ್ದಾರೆ. ಸಣ್ಣ ಜಾಹೀರಾತುಗಳ ಸೈಟ್ ಕ್ರೇಗ್ಸ್‌ಲಿಸ್ಟ್ 1995ರಲ್ಲಿ ಶುರುವಾಗಿದ್ದೇ ಪರಿಚಯದವರಿಗೆ ಕಳಿಸುವ ಒಂದು ಇಮೇಲ್ ಪಟ್ಟಿಯಾಗಿ. ಇಮೇಲ್‌ಗೆ ಒಬ್ಬ ಯಜಮಾನ ಇಲ್ಲ. ಒಂದು ಕಂಪನಿಯ ಸೇವೆ ಸರಿಹೋಗದಿದ್ದರೆ ಪಟ್ಟಿ ಎತ್ತಿಕೊಂಡು ಇನ್ನೊಂದಕ್ಕೆ ಹೋಗಬಹುದು. ಮತ್ತೆ ಮತ್ತೆ ಕೊಳ್ಳುವ ಸರಕು, ಚಂದಾ, ಕೋರ್ಸ್, ಸಾಫ್ಟ್‌ವೇರ್ ನಿಮ್ಮದಾದರೆ ಎಷ್ಟೇ ನಿಧಾನವಾದರೂ ಇದೇ ನಿಮ್ಮ ಮುಖ್ಯ ಜಾಗ ಆಗಬೇಕು.

ಒಂದು ಕಿವಿಮಾತು: ಡೊಮೇನ್ ನಿಮ್ಮ ಹೆಸರಲ್ಲೇ, ನಿಮ್ಮ ಇಮೇಲ್‌ನಿಂದಲೇ ನೋಂದಾಯಿಸಿ. ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಲ್ಲಿ ಅದು ಇದ್ದು, ಆಮೇಲೆ ಅವರ ಫೋನ್ ಸ್ವಿಚ್ ಆಫ್ ಆದರೆ ನಿಮ್ಮ ಮನೆಯ ಬೀಗದ ಕೈ ನಿಮ್ಮ ಹತ್ತಿರ ಇರುವುದಿಲ್ಲ.

ದುಡ್ಡು: ಕೈಯದ್ದಾ, ಹೂಡಿಕೆದಾರರದ್ದಾ?

ಜಾಗ ಆರಿಸಿದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ. ಮನೆಗೆ ದಿನಸಿ ತಲುಪಿಸುವ ವೆಬ್‌ವ್ಯಾನ್, ವ್ಯಾಪಾರ ಸರಿಯಾಗಿ ಕುದುರುವ ಮೊದಲೇ ಊರೂರಲ್ಲಿ ಯಂತ್ರಗಳ ಗೋದಾಮು ಕಟ್ಟಲು ಸುಮಾರು 100 ಕೋಟಿ ಡಾಲರ್‌ನ ಗುತ್ತಿಗೆ ಕೊಟ್ಟಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. 1999ರಲ್ಲಿ ಷೇರುಪೇಟೆಗೆ ಬಂದು 2001ರ ಜುಲೈನಲ್ಲಿ ಬಾಗಿಲು ಹಾಕಿತು. ಅದೇ 1999ರಲ್ಲಿ ಝ್ಯಾಪೋಸ್ ಶುರು ಮಾಡಿದ ನಿಕ್ ಸ್ವಿನ್‌ಮರ್ನ್ ಅಂಗಡಿಗಳಿಗೆ ಹೋಗಿ ಚಪ್ಪಲಿ-ಶೂಗಳ ಫೋಟೋ ತೆಗೆದು ಸೈಟ್‌ಗೆ ಹಾಕಿದರು, ಆರ್ಡರ್ ಬಂದ ಮೇಲೆ ಅದೇ ಅಂಗಡಿಯಿಂದ ಕೊಂಡು ಕಳಿಸಿದರು. ಹಾಗೆ ಮಾರಿದ್ದರಲ್ಲಿ ಲಾಭ ಇಲ್ಲ, ಆದರೆ ಜನ ಹಾಕಿ ನೋಡದೆ ಶೂ ಕೊಳ್ಳುತ್ತಾರಾ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿತು. ಇದನ್ನು ನೀವು ಈ ವಾರವೇ ಮಾಡಬಹುದು, ಯಾರ ದುಡ್ಡೂ ಬೇಡ.

ಇಮೇಲ್ ಪಟ್ಟಿಗೆ ಮೇಲ್ ಕಳಿಸುವ ಸೇವೆ ಮೇಲ್‌ಚಿಂಪ್ 2001ರಲ್ಲಿ ಶುರುವಾಗಿ, ಹೊರಗಿನ ಬಂಡವಾಳವನ್ನೇ ತೆಗೆದುಕೊಳ್ಳದೆ ಬೆಳೆದು, 2021ರಲ್ಲಿ ಇಂಟ್ಯೂಟ್ ಅನ್ನೋ ಸಾಫ್ಟ್‌ವೇರ್ ಕಂಪನಿಗೆ ಸುಮಾರು 1200 ಕೋಟಿ ಡಾಲರ್‌ಗೆ ಮಾರಾಟವಾಯಿತು. ಹೂಡಿಕೆದಾರರು ನಿಜಕ್ಕೂ ಬೇಕಾಗುವುದು ಹೆಚ್ಚಾಗಿ ಮೈದಾನವನ್ನೇ, ಅಂದರೆ ಮಾರ್ಕೆಟ್‌ಪ್ಲೇಸನ್ನೇ ಕಟ್ಟುವವರಿಗೆ. ಮಾರುವವರು ಇದ್ದರೆ ಕೊಳ್ಳುವವರು ಬರುತ್ತಾರೆ, ಕೊಳ್ಳುವವರು ಇದ್ದರೆ ಮಾರುವವರು ಬರುತ್ತಾರೆ, ಅಂಥ ಕಡೆ ಮೊದಲು ತುಂಬಿಸಿದವನದೇ ಮೇಲುಗೈ. ಮೈದಾನದಲ್ಲಿ ಒಂದು ಅಂಗಡಿ ಹಾಕುವವರಿಗೆ ಆ ಅವಸರ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಸಾಕು.

ಹಾಗಾದರೆ ಎಲ್ಲಿಂದ ಶುರು?

ನಾನಾದರೆ ಮೊದಲ ಆರು ತಿಂಗಳು ಮಾರ್ಕೆಟ್‌ಪ್ಲೇಸ್‌ನಲ್ಲೋ ಸೋಷಿಯಲ್ ಮೀಡಿಯಾದಲ್ಲೋ ಇಟ್ಟು, ಅದಕ್ಕೆ ದುಡ್ಡು ಕೊಡುವವರು ಇದ್ದಾರಾ ಅಂತ ನೋಡುತ್ತೇನೆ. ಆ ಆರು ತಿಂಗಳ ಕಮಿಷನ್ ಅನ್ನು ಪರೀಕ್ಷೆಯ ಶುಲ್ಕ ಅಂದುಕೊಳ್ಳಿ. ರಿವ್ಯೂಗಳನ್ನು ಓದಿ, ಗಿರಾಕಿಗಳು ನಿಮ್ಮ ವಸ್ತುವಿಗೆ ಯಾವ ಪದ ಬಳಸುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಎರಡನೇ ಸಲ ಕೊಳ್ಳುವವರು ಕಾಣಿಸಿಕೊಂಡ ದಿನ ಸ್ವಂತ ಸೈಟ್ ತೆರೆಯಿರಿ. ಮಾರ್ಕೆಟ್‌ಪ್ಲೇಸ್‌ನ ಪೆಟ್ಟಿಗೆಯೊಳಗೆ "ನಮ್ಮ ಸೈಟ್‌ಗೆ ಬನ್ನಿ" ಅಂತ ಚೀಟಿ ಇಡುವ ಮುಂಚೆ ಅವರ ನಿಯಮ ಓದಿ. ಗಿರಾಕಿಯನ್ನು ಹೊರಗೆ ಎಳೆಯುವುದನ್ನು ಅಮೆಜಾನ್‌ನಂಥವರು ಒಪ್ಪುವುದಿಲ್ಲ, ಖಾತೆಗೇ ಕುತ್ತು. ಸೋಷಿಯಲ್ ಮೀಡಿಯಾದಲ್ಲಿ ಆ ತೊಂದರೆ ಕಡಿಮೆ. ಏನಾದರೂ ಉಪಯೋಗದ ವಸ್ತುವನ್ನು ಪುಕ್ಕಟೆ ಕೊಟ್ಟು, ಒಪ್ಪಿಗೆ ಕೇಳಿಯೇ ಇಮೇಲ್ ತೆಗೆದುಕೊಳ್ಳಿ. ಒಂದೇ ಕಡೆಯಿಂದ ಅರ್ಧಕ್ಕಿಂತ ಜಾಸ್ತಿ ಆದಾಯ ಬರುತ್ತಿದ್ದರೆ ಮುಂದಿನ ಆರು ತಿಂಗಳ ಕೆಲಸ ಅದನ್ನು ಇಳಿಸುವುದೇ. ಅರ್ಧ ಅನ್ನೋದು ನನ್ನ ಗೆರೆ, ನಿಮ್ಮದು ಬೇರೆ ಇರಬಹುದು.

ಈಗಾಗಲೇ ವ್ಯಾಪಾರ ನಡೆಸುತ್ತಿರುವವರು ಒಂದು ಲೆಕ್ಕ ಹಾಕಿ ನೋಡಿ: ಇವತ್ತು ರಾತ್ರಿ ನಿಮ್ಮ ದೊಡ್ಡ ಖಾತೆ ಬಂದ್ ಆದರೆ, ನಾಳೆ ಬೆಳಿಗ್ಗೆ ಎಷ್ಟು ಗಿರಾಕಿಗಳಿಗೆ ನೀವೇ ನೇರವಾಗಿ "ನಾವು ಇಲ್ಲಿದ್ದೇವೆ" ಅಂತ ಬರೆಯಬಹುದು? ಆ ಹದಿನೇಳು ದಿನ ಶುರುವಾದಾಗ ನನ್ನ ಪುಟಕ್ಕೆ ಒಂಬತ್ತು ಸಾವಿರಕ್ಕೂ ಹೆಚ್ಚು ಫಾಲೋವರ್ಸ್ ಇದ್ದರು. ನನ್ನ ಹತ್ತಿರ ಇಮೇಲ್ ಇದ್ದದ್ದು ಮೂವತ್ತೇಳು ಜನರದ್ದು. ಆ ದಿನಗಳಲ್ಲಿ ಬಂದ ಆರ್ಡರ್‌ಗಳೆಲ್ಲ ಆ ಮೂವತ್ತೇಳು ಜನರಿಂದಲೇ ಬಂದವು.